ಅಪ್ಪನ ಹಣೆಯ ಮೇಲಿನ ಗುರುತು

ಜನವರಿ ೧೨, ಪಾಪಿನಾಯಕನಹಳ್ಳಿ

ರಜೆಗೆಂದು ಮನೆಗೆ ಬಂದರೆ ನನ್ನ ಮಿಲಿಟರಿ ಫೀಲ್ಡ್ ಆಸ್ಪತ್ರೆಯೂ ಹಿಂದೆಯೇ ಬಂದುಬಿಟ್ಟಿದೆ.

ಬೆಳಿಗ್ಗೆ ಎಮ್ಮೆ ಅಪ್ಪನ ಪಾದ ತುಳಿಯಿತು. ಹೊಸಪೇಟೆಯ ಡಾಕ್ಟರು ಪಟ್ಟಿ ಕಟ್ಟಿ, ನೋವಿಗೆ ಜೋರಾದ ಮಾತ್ರೆ ಕೊಟ್ಟು, ರಾತ್ರಿಯವರೆಗೆ ಇನ್ನೊಂದು ಬೇಡವೇ ಬೇಡ ಎಂದಿದ್ದರು. ನಾನು ಒಂದು ನುಂಗಿಸಿ ಆಚೆ ಬಂದೆನೋ ಇಲ್ಲವೋ, ಅಪ್ಪ ಅವ್ವನಿಗೆ ಗೋಗರೆಯತೊಡಗಿದ: "ನಿನ್ನ ಮಗ ಏನೂ ಕೊಟ್ಟಿಲ್ಲ, ಒಂದ್ ಗುಳಿಗಿ ಕೊಡ."

ಅವ್ವನ ಕೈಯಿಂದ ಮಾತ್ರೆ ಕಿತ್ತುಕೊಂಡೆ. ನಮ್ಮ ಫೀಲ್ಡ್ ಆಸ್ಪತ್ರೆಯಲ್ಲಿ ಗಾಯಾಳುವಿಗೆ ನೋವಿನ ಇಂಜೆಕ್ಷನ್ ಕೊಟ್ಟರೆ ಹಣೆಗೆ ಗುರುತು ಹಾಕುತ್ತೇವೆ, ಬೇರೆಯವರು ಮತ್ತೆ ಚುಚ್ಚದಿರಲೆಂದು. ಅದೇ ಅಭ್ಯಾಸದಲ್ಲಿ ಮಾರ್ಕರ್ ತೆಗೆದು ಅಪ್ಪನ ಹಣೆಯ ಮೇಲೂ ಎಳೆದೆ. ಅಪ್ಪ ಬೈಯುತ್ತಲೇ ನಿದ್ದೆಹೋದ.

ಪಕ್ಕದ ಮನೆಯ ಜಂಬಕ್ಕ ಕೋಲೂರಿಕೊಂಡು ಇದನ್ನು ನೋಡುತ್ತ ನಿಂತಿದ್ದಳು. "ಹಣಿ ಮ್ಯಾಲ ಬರದ್ರ ನೋವು ಹೋಗ್ತದೇನು? ನಂಗೂ ಬರಿಯಪ್ಪ, ಮೊಣಕಾಲು ಭಾಳ ನೋಯ್ತಾವ."

ಇದು ಔಷಧಿಯಲ್ಲ ಎಂದು ಹೇಳಿ ಹೇಳಿ ಸಾಕಾಗಿ ಬರೆದೆ. ಜಂಬಕ್ಕ ಕೋಲು ಇಲ್ಲೇ ಮರೆತು ನಡೆದುಹೋದಳು. ಆಮೇಲೆ ಕೇಳಬೇಕೆ, ಇಡೀ ಓಣಿಯೇ ಬಂತು. ಹಲ್ಲುನೋವಿನ ಎರ್ರಿಯಪ್ಪ ಕೆನ್ನೆಯ ಮೇಲೇ ಬರೆಸಿಕೊಂಡ. "ಮುಖ ನೋಡಿದ್ರೆ ಸಾಕು, ಯಾರಿಗೆ ಎಷ್ಟು ನೋವದ ಅಂತ ಹೇಳ್ತೀನಿ" ಎಂದು ನಾನೂ ಕೊಚ್ಚಿಕೊಂಡೆ.

ಎಲ್ಲರಿಗೂ ಚಹಾ ಕೊಟ್ಟು, ಊಟ ಬಡಿಸಿ, ಪಾತ್ರೆ ತಿಕ್ಕಿ ಬಂದ ಅವ್ವ ಕುಂಕುಮದ ಪಕ್ಕ ಬೆರಳಿಟ್ಟಳು. "ಇಲ್ಲಿ ಸಣ್ಣಗ ಒಂದು ಬರಿ. ಸೊಂಟ."

"ಎಷ್ಟು ದಿನದಿಂದ?"

"ನೀ ಮಿಲಿಟ್ರಿಗಿ ಹೋಗೋಕಿಂತ ಮದ್ಲಿಂದ."

ಒಣಗಿದ ಮಾರ್ಕರನ್ನು ಅಲ್ಲಾಡಿಸಿ ಅಲ್ಲಾಡಿಸಿ, ಒಂದು ಚುಕ್ಕೆ ಇಟ್ಟೆ.