ಆಡದೆ ಉಳಿದ ನಾಲ್ಕು ಮಾತು

ಮಾರ್ಚ್ 4, ಮಂಗಳವಾರ

ಇವತ್ತೂ ಅಂಗಡಿಯ ಜೆರಾಕ್ಸ್ ಮೆಷಿನ್ ಕೆಟ್ಟು ಕೈಯೆಲ್ಲ ಕಪ್ಪು. ಒರೆಸಿಕೊಳ್ಳುತ್ತಿದ್ದಾಗ ಎದುರಿನ ಕೋರ್ಟಿನಿಂದ ವಕೀಲಮ್ಮ ಓಡಿ ಬಂದರು. ದುಭಾಷಿ ಬಂದಿಲ್ಲವಂತೆ.

"ನಿಂಗೆ ನಿಮ್ಮಜ್ಜಿ ಭಾಷೆ ಬರುತ್ತಲ್ವಾ? ಬಾರೇ."

"ಒಂಬತ್ತನೇ ಕ್ಲಾಸಿಗೇ ಸ್ಕೂಲ್ ಬಿಟ್ಟವಳು ಮೇಡಂ ನಾನು."

"ಗೊತ್ತು. ಮೇಷ್ಟ್ರ ಮುಖಕ್ಕೇ 'ಸುಳ್ಳ' ಅಂದು ಸ್ಕೂಲ್ ಬಿಟ್ಟವಳು. ಅಂಥವಳೇ ಬೇಕು."

ಹೆಮ್ಮೆಯಾಯಿತು. ಅದನ್ನು ಬರೆಯಲೂ ಈಗ ನಾಚಿಕೆ.

ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಒಬ್ಬ ಅಕ್ಕನ ಕೇಸು. ಸೂಪರ್‌ವೈಸರ್ ದಿನಾ ಹೊಲಸು ಮಾತಾಡುತ್ತಾನೆ. ಅವಳದೂ ನಮ್ಮಜ್ಜಿಯ ಭಾಷೆಯೇ; ಅದರಲ್ಲಿ ಅವನು ಕಲಿತಿರುವುದೇ ಆ ನಾಲ್ಕು ಮಾತು. ದುಭಾಷಿ 'ಅವಳು ಹೇಳುತ್ತಾಳೆ' ಅನ್ನುವಂತಿಲ್ಲ. ಅವಳು 'ನಾನು' ಅಂದರೆ ನಾನೂ 'ನಾನು' ಅನ್ನಬೇಕು — ಅದು ನಿಯಮ.

ಏನಂದ ಅಂತ ಜಡ್ಜ್ ಕೇಳಿದರು. ಅಕ್ಕ ಕಟಕಟೆ ಬಿಗಿಯಾಗಿ ಹಿಡಿದು ನಾಲ್ಕೂ ಮಾತು ಹೇಳಿದಳು. ಒಂದನ್ನೂ ನುಂಗಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು.

"ಅವನು ನನಗೆ... ಕೆಟ್ಟದಾಗಿ ಮಾತಾಡಿದ."

ಟೈಪಿಸ್ಟ್ ಅಷ್ಟನ್ನೇ ಹೊಡೆದ. ಎದುರು ವಕೀಲ ಎದ್ದ. "ಕೆಟ್ಟದಾಗಿ ಅಂದ್ರೆ? ಬೇಗ ಬೇಗ ಇಸ್ತ್ರಿ ಮಾಡಮ್ಮ ಅಂದ್ರೂ ಕೆಲವರಿಗೆ ಕೆಟ್ಟದೇ, ಸ್ವಾಮಿ." ಎಲ್ಲರೂ ನಕ್ಕರು.

ಅಕ್ಕ ಪಿಸುಗುಟ್ಟಿದಳು. "ಯಾಕೆ ನಗ್ತಾರೆ? ನಾ ಹೇಳಿದ್ದೆಲ್ಲ ನೀ ಹೇಳಿದೆ ತಾನೇ?"

"ಹೂಂ, ಅಕ್ಕಾ."

ಮಾರ್ಚ್ 5

ಅನ್ನ ಸೇರಲಿಲ್ಲ. "ಊರಿಗೆಲ್ಲ ಬಾಯಿಬಡುಕಿ, ಇವತ್ತೇನು ಬಾಯಿಗೆ ಬೀಗ?" ಅಂದಳು ಅಮ್ಮ.

ಮಾರ್ಚ್ 14, ಶುಕ್ರವಾರ

ವಕೀಲಮ್ಮ ಜೆರಾಕ್ಸಿಗೆ ಬಂದಿದ್ದರು. ಕೇಸು ಬಿದ್ದುಹೋಗುತ್ತಂತೆ. "ಅವನಂದ ಮಾತು ದಾಖಲಾಗ್ಲಿಲ್ಲ ಅಂದ್ರೆ ಕಾನೂನಿನ ಪಾಲಿಗೆ ಅವನು ಬಾಯೇ ಬಿಟ್ಟಿಲ್ಲ ಕಣೇ. ಪಾಪ, ಆಕೆಗೆ ನಾಚಿಕೆ ಆಗಿರ್ಬೇಕು."

"ಅವಳಿಗಲ್ಲ ಮೇಡಂ. ನನಗೆ."

ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 15

ಅಕ್ಕನ ರೂಮಿಗೆ ಹೋದೆ. ಹೊಸಿಲಲ್ಲೇ ನಿಂತು ಹೇಳಿಬಿಟ್ಟೆ. ಅಕ್ಕ ತನ್ನ ಅಂಗೈಯ ಸುಟ್ಟ ಕಲೆಯನ್ನೇ ಉಜ್ಜಿಕೊಂಡಳು.

"ನಂಗೆ ನಾಚ್ಕೆ ಇರ್ಲಿಲ್ವಾ ತಂಗೀ? ಗಂಡನ ಹತ್ರಾನೂ ಆಡದ ಮಾತು. ನೀನಿದ್ದೀಯಲ್ಲಾ ಅಂತ ಬಾಯಿಬಿಟ್ಟೆ."

ಬಾಗಿಲು ಹಾಕಲಿಲ್ಲ. ಕೂತ್ಕೋ ಅನ್ನಲೂ ಇಲ್ಲ.

ಮಾರ್ಚ್ 20, ಗುರುವಾರ, ಬೆಳಿಗ್ಗೆ

ಅಕ್ಕನ ಹೇಳಿಕೆ ಇವತ್ತು ಮತ್ತೆ ತೆಗೆದುಕೊಳ್ಳುತ್ತಾರೆ. ವಕೀಲಮ್ಮನ ಅರ್ಜಿಗೆ ಜಡ್ಜ್ ಒಪ್ಪಿದರಂತೆ. ನಾನು ಮೊದಲು ತಪ್ಪು ಒಪ್ಪಿಕೊಳ್ಳಬೇಕು. ಬೇರೆ ದುಭಾಷಿ ಸಿಗುತ್ತಾನೆ ಅಂದರೂ ಅಕ್ಕ ಬೇಡ ಅಂದಳಂತೆ. "ಅವಳೇ ಹೇಳ್ಲಿ." — ನಂಬಿಕೆಯೋ, ಶಿಕ್ಷೆಯೋ.

ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಭ್ಯಾಸ ಮಾಡಿದೆ. "ಒಳಗೆ ಯಾರಿಗೇ ಬೈತಿದ್ದೀ?" ಅಂತ ಅಮ್ಮ ಕೂಗಿದಳು. ಎರಡನೆಯ ಮಾತಿಗೇ ನಲ್ಲಿ ನಿಲ್ಲಿಸಿ ಹೊರಗೆ ಬಂದೆ.

ಇಲ್ಲಿ ಬರೆಯಲಾಗದಿದ್ದರೆ ಅಲ್ಲಿ ಆಡಲೂ ಆಗದು. ಇದನ್ನು ಓದುವವರು ಯಾರೂ ಇಲ್ಲ. ಬರೆಯುತ್ತೇನೆ. 'ಅವಳಿಗೆ ಅಂದ' ಅಂತಲ್ಲ. ನಿಯಮದಂತೆಯೇ.

ಅವನು ನನಗೆ ಅಂದ —