ಸಿದ್ರಾಯರ ದನಿ ಇರುವ ಕಂಪ್ಯೂಟರ್

ಜೂನ್ 3, ಮಧ್ಯಾಹ್ನ

ಕಂಪ್ಯೂಟರ್ ಆನ್ ಮಾಡಿ, ಪಾತ್ರೆ ತೊಳೆದು ಬಂದೆ. ಇನ್ನೂ ಪೂರ್ತಿ ಆನ್ ಆಗಿಲ್ಲ. ಮೂಡಲಗಿಯ ನಮ್ಮ ಸಿಡಿ ಅಂಗಡಿಯ ಕಾಲದ್ದು. ಅಂಗಡಿ ಹೋಯಿತು, ಇದು ಉಳಿಯಿತು. ಒಳಗೆ ನಮ್ಮ ಯಜಮಾನರ ಡೊಳ್ಳಿನ ಪದಗಳಿವೆ. ಹುಕ್ಕೇರಿ, ದಡ್ಡಿ, ಹೀಗೆ ಊರೂರಲ್ಲಿ ಹಾಡಿದ್ದು. ಸಿಡಿಗಳಿಗೆ ಬೂಷ್ಟು ಹಿಡಿದಿದೆ. ಬೇರೆ ಕಾಪಿ ಇಲ್ಲ.

ಇನ್ನೆರಡು ವಾರದಲ್ಲಿ ಬೆಳಗಾವಿಯಲ್ಲಿ ಇವರ ಗಂಟಲಿನ ಆಪರೇಶನ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಂತೆ. ಇವರು ಹೇಳಿದ್ದು ಇಷ್ಟೇ: “ಪದ ಎಲ್ಲಾ ಒಂದ್ ಕಡೆ ಕೂಡಿಸಿ ಇಡ, ಅನ್ನಪೂರ್ಣಾ. ಆಮ್ಯಾಲೆ ನನಗ ಕೇಳಾಕ ಬೇಕು.”

ಜೂನ್ 4

ಫೋಲ್ಡರಿನೊಳಗೆ ಫೋಲ್ಡರ್. ಯಾವುದು ಎಲ್ಲಿದೆಯೋ... ಗೋಕಾಕದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ದುಂಡೇಶನಿಗೆ ಫೋನ್ ಮಾಡಿದೆ.

“ಅಕ್ಕಾರ, ಎಲ್ಲಾ ಫೈಲಿನ ಲಿಸ್ಟ್ ತಗಿಯೂ ಸಣ್ಣ ಸಾಫ್ಟ್‌ವೇರ್ ಐತಿ. ಶೇರ್‌ವೇರ್. ಸ್ವಲ್ಪ ದಿನ ಫುಕಟ್, ರೊಕ್ಕ ಇಲ್ದ ನಡೀತೈತಿ. ಹಳೇ ವರ್ಶನ್ ಹಾಕ್ರಿ, ಹೊಸಾದು ನಿಮ್ಮದಕ್ಕ ಹೊಂದಂಗಿಲ್ಲ.”

ಮಗಳು ಕಸ್ತೂರಿ ಪೆನ್‌ಡ್ರೈವಿನಲ್ಲಿ ತಂದಳು. ನೆಕ್ಸ್ಟ್, ನೆಕ್ಸ್ಟ್, ಫಿನಿಶ್. ‘ರಿಜಿಸ್ಟರ್ ಮಾಡಿ’ ಎಂಬ ಚೌಕ ಬಂತು. ಮುಚ್ಚಿದೆ. ಲಿಸ್ಟ್ ಓಡತೊಡಗಿತು. ಪದಗಳ ಹೆಸರು, ಒಂದರ ಕೆಳಗೊಂದು. ಇವರು ಕುರ್ಚಿ ಎಳೆದುಕೊಂಡು ಬಾಜೂ ಕೂತರು.

ಆಗಲೇ ಕಂಪ್ಯೂಟರ್ ಡಬ್ಬಿಯ ಒಳಗಿಂದ ಸಪ್ಪಳ. ಟಕ್... ಟಕ್.

“ಬಂದ್ ಮಾಡ,” ಎಂದರು.

“ಇನ್ನ ಸ್ವಲ್ಪ ಉಳದೈತ್ರಿ.”

ಬಂದ್ ಮಾಡಲಿಲ್ಲ.

ಜೂನ್ 5

ಲಿಸ್ಟ್ ಪೂರ್ತಿ ಬಂದಿದೆ. ಕೇಳೋಣವೆಂದು ದಡ್ಡಿಯ ಪದ ಹಚ್ಚಿದೆ. ಡೊಳ್ಳು ಬಂತು. ಇವರ ದನಿ ಏರಿತು — ನಿಂತಿತು. ಪರದೆ ನೀಲಿಯಾಯಿತು. ಮತ್ತೆ ಆನ್ ಮಾಡಿದರೆ ಕತ್ತಲೆ, ಅದೇ ಸಪ್ಪಳ.

ದುಂಡೇಶನಿಗೆ ಮತ್ತೆ ಫೋನ್ ಮಾಡಿದೆ. “ಮೊದಲ ಕಾಪಿ ಮಾಡ್ಕೋಬೇಕಿತ್ರಿ, ಆಮ್ಯಾಲೆ ಲಿಸ್ಟ್. ಇನ್ನ ಮುಟ್ಟಬ್ಯಾಡ್ರಿ. ಒಳಗಿನ ಡಿಸ್ಕ್ ಬಿಚ್ಚಿ ತರ್ರಿ.”

ಡಿಸ್ಕ್ ಬಿಚ್ಚಿ, ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಗೋಕಾಕಕ್ಕೆ ಹೋಗಿ ಕೊಟ್ಟು ಬಂದೆ. ಎಳೆಗೂಸನ್ನು ಒಯ್ದ ಹಾಗೆ.

ಜೂನ್ 9

ದುಂಡೇಶನ ಸುದ್ದಿ ಇಲ್ಲ. ರೆಕಾರ್ಡ್ ಮಾಡೋಣವೆಂದು ಇವರ ಮುಂದೆ ಮೊಬೈಲ್ ಹಿಡಿದು, “ಒಂದ್ ಪದ ಹಾಡ್ರಿ,” ಎಂದೆ.

“ಈ ದನ್ಯಾಗ ಬ್ಯಾಡ. ಡಿಸ್ಕಿನ್ಯಾಗಿಂದು ಛಲೋ ಐತಿ. ಅದನ್ನ ಕೇಳೂನು.”

ದನಿಯಲ್ಲ ಅದು, ಬರೀ ಗಾಳಿ. ಒತ್ತಾಯ ಮಾಡಲಿಲ್ಲ. ಮಾಡಬೇಕಿತ್ತೋ ಏನೋ.

ಜೂನ್ 16, ಬೆಳಗಾವಿ

ಆಪರೇಶನ್ ಆಯಿತು. ಜೀವಕ್ಕೆ ಭಯವಿಲ್ಲ ಎಂದರು ಡಾಕ್ಟರು. ಕುತ್ತಿಗೆಯಲ್ಲಿ ತೂತು. ಉಸಿರು ಅಲ್ಲಿಂದಲೇ. ಇವರು ನಿದ್ದೆಯಲ್ಲಿದ್ದಾಗ ಅದನ್ನೇ ನೋಡುತ್ತ ಕೂತಿದ್ದೆ.

ದುಂಡೇಶನ ಫೋನ್ ಬಂತು. “ಸಿದ್ರಾಯಣ್ಣನ ಒಂದ್ ಪದಾನೂ ಬರಲಿಲ್ರಿ, ಅಕ್ಕಾರ.”

ಫೋನ್ ಇಟ್ಟು ಇವರ ಮಂಚದ ಹತ್ತಿರ ಬಂದೆ.

ಜೂನ್ 18

ಇವರು ಎದ್ದು ಕೂತಿದ್ದಾರೆ. ಕಸ್ತೂರಿ ತಂದ ಪಾಟಿಯ ಮೇಲೆ ಬರೆದರು: ‘ಪದ ಸಿಕ್ಕಾವ?’

“ಹೂಂ ರಿ. ಎಲ್ಲಾ ಸಿಕ್ಕಾವು.” ಬಾಯಿಗೆ ಬಂದುಬಿಟ್ಟಿತು. ಕಸ್ತೂರಿ ನನ್ನ ಮುಖ ನೋಡಿದಳು.

ಇವರು ನಕ್ಕರು. ಎಷ್ಟೋ ದಿನಕ್ಕೆ. ಪಾಟಿ ಒರೆಸಿ, ಮತ್ತೆ ಬರೆದು, ನನ್ನ ಕಡೆ ತಿರುಗಿಸಿದರು. ಒಂದೇ ಮಾತು — ‘ಹಚ್ಚು’.

ಮೊಬೈಲಿಗೆ ಚಾರ್ಜ್ ಇಲ್ಲ ಎಂದು ಸುಳ್ಳು ಹೇಳಿ ಹೊರಗೆ ಬಂದಿದ್ದೇನೆ. ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಒಳಗೆ ಪಾಟಿ ಬಡಿಯುತ್ತಿದ್ದಾರೆ. ಕರೆಯುತ್ತಿದ್ದಾರೆ. ಹೋಗಿ ಏನೆಂದು ಹೇಳಲಿ?