ಹಿಮ್ಮೇಳ ಸುಮ್ಮನಾದ ದಿನ

ಪ್ರೀತಿಯ ನಾಂಬೆವೆ ಅಕ್ಕ,

ಸರೋವರದಾಚೆ ಯಾರ ಮನೆಯಲ್ಲಿದ್ದೀಯೋ ಗೊತ್ತಿಲ್ಲ. ಒಣಮೀನು ಮಾರುವವಳ ಬುಟ್ಟಿಯಡಿ ಇಟ್ಟು ಇದನ್ನು ಕಳಿಸುತ್ತಿದ್ದೇನೆ. ಮುದ್ದೆ ತಿರುವುವಾಗ ಈಗಲೂ ಇಬ್ಬರಿಗಾಗುವಷ್ಟು ಹಿಟ್ಟು ಸುರಿಯುತ್ತೇನೆ. ಕೈಗೆ ಇನ್ನೂ ಬುದ್ಧಿ ಬಂದಿಲ್ಲ.

ಕಾಫುವ ಅಧ್ಯಕ್ಷನಾದ ಮೇಲೆ, ಪಕ್ಷದೊಳಗೆ ಅವನ ಎದುರು ನಿಂತವರೆಲ್ಲ ಒಬ್ಬೊಬ್ಬರಾಗಿ ಕಾಣೆಯಾದರು. ಅವನ ಜೊತೆಗೇ ಪಕ್ಷ ಕಟ್ಟಿದ ಭಾವನನ್ನೂ ಜೈಲಿಗೆ ಹಾಕಿದರು. ನೀನು ದೋಣಿ ಹತ್ತಿದ ವಾರವೇ ನಾವು ಹೆಂಗಸರು ಸಭೆಗೆ ಉಡುವ ಪಕ್ಷದ ಬಟ್ಟೆಯೂ ಬದಲಾಯಿತು. ಭಾವ, ಕಾಫುವ ಇಬ್ಬರ ಮುಖವೂ ಅಚ್ಚಾಗಿದ್ದದ್ದನ್ನು ಕಿತ್ತುಕೊಂಡು ಒಬ್ಬನದೇ ಮುಖದ್ದು ಕೊಟ್ಟರು. ಆ ಮುಖದ ಮೇಲೆ ಕೂರಬಾರದಂತೆ. ಸೊಂಟಕ್ಕೆ ಸುತ್ತಿಕೊಂಡು ಕಾಫುವನ ಸಭೆಗೆ ಅಷ್ಟು ದೂರ ಬಸ್ಸಲ್ಲಿ ನಿಂತೇ ಹೋದೆವು. ನೀನಿದ್ದಿದ್ದರೆ ನಗಿಸಿ ಸಾಯಿಸುತ್ತಿದ್ದೆ.

ಮೈದಾನದಲ್ಲಿ ಹಾಡು ಎತ್ತುವ ನಿನ್ನ ಕೆಲಸ ನನ್ನ ಪಾಲಿಗೆ ಬಂದಿತ್ತು. ನೀನು ಕಟ್ಟಿದ ಹಾಡೇ ಬೇಕಂತೆ, ನಿನ್ನ ಹೆಸರು ಮಾತ್ರ ಬೇಡವಂತೆ. ಕಟ್ಟಿದವಳ ಹೆಸರು ಕೂಗದೆ, ಹಿಮ್ಮೇಳದವರು 'ಬಾಳಲಿ ಅವಳು' ಎಂದು ಓಗೊಡದೆ ನಮ್ಮಲ್ಲಿ ಯಾವ ಹಾಡು ಎದ್ದಿದೆ, ಹೇಳು. ಮಹಿಳಾ ಘಟಕದ ಎಸ್ತೆಲೆ ಎಚ್ಚರಿಸಿದಾಗ ತಲೆಯಾಡಿಸಿದ್ದೆ. ಡೋಲು ಬಿದ್ದದ್ದೇ ತಡ, 'ನಾಂಬೆವೆಯ ಹಾಡು' ಎಂದು ಬಾಯಿಂದ ಬಂದೇಬಿಟ್ಟಿತು. ಅಭ್ಯಾಸಬಲ ಇರಬೇಕು. ಈಗ ಯಾರಾದರೂ ಕೇಳಿದರೆ ಬೇಕೆಂದೇ ಕೂಗಿದೆ ಅನ್ನುತ್ತೇನೆ.

ಒಬ್ಬಳೂ ಓಗೊಡಲಿಲ್ಲ ಅಕ್ಕ. ನೀನು ಬಾಣಂತನ ಮಾಡಿದವರೂ ಕಾಲಬೆರಳು ನೋಡುತ್ತ ನಿಂತರು. ಡೋಲು ನಿಂತಿತು. ಕಾಫುವ ಎದ್ದು ಬಂದು ಮೈಕು ಹಿಡಿದು, ನಗುನಗುತ್ತಲೇ, 'ಯಾಕ್ರಮ್ಮ, ನಾಲಿಗೆ ಮನೇಲಿ ಬಿಟ್ಟು ಬಂದ್ರಾ? ಹಾಡು ಈಗ ನಂದು. ಹೇಳಿ' ಅಂದ. 'ಬಾಳಲಿ ಅವನು' ಎಂದು ಇಡೀ ಮೈದಾನ ಕೂಗಿತು.

'ಒಂದು ಹೆಸರು ನುಂಗಿದ್ರೆ ಗಂಟ್ಲಿಗೆ ಸಿಕ್ಕಾಕೊಳ್ತಿತ್ತಾ ನಿಂಗೆ? ನಮ್ಮ ಮಕ್ಕಳ ಊಟಕ್ಕೂ ಕಲ್ಲು ಹಾಕ್ದೆ' ಅಂದಳು ಎಸ್ತೆಲೆ, ವಾಪಸು ಬರುವಾಗ. ಯಾರು ಕೇಳಿಸಿಕೊಳ್ಳುತ್ತಿದ್ದಾರೋ ಎಂದು ಹಿಂದೆ ತಿರುತಿರುಗಿ ನೋಡುತ್ತಿದ್ದಳು, ಅದಕ್ಕೇ ಸಿಟ್ಟು ಬರಲಿಲ್ಲ.

ಈಗ ನಾನು ನಲ್ಲಿಯ ಹತ್ತಿರ ಹೋದರೆ ಅಲ್ಲಿ ಮಾತು ನಿಲ್ಲುತ್ತದೆ. ಸೋಮವಾರ ಪಕ್ಷದ ಕಚೇರಿಗೆ ಬರಬೇಕೆಂದು ಹೇಳಿಕಳಿಸಿದ್ದಾರೆ. ಹಾಗೆ ಹೋದವರಲ್ಲಿ ತಿರುಗಿ ಬಂದವರು ಕಡಿಮೆ. ಭಯವಾಗುತ್ತದೆ ಅಕ್ಕ. ಅದಕ್ಕಿಂತ ಹೆಚ್ಚಾಗಿ, ಭಯವಾಗುತ್ತದೆ ಎಂದು ಹೇಳಿಕೊಳ್ಳಲು ಯಾರೂ ಇಲ್ಲ.

ಇವತ್ತು ಬಾಗಿಲು ಹಾಕಿಕೊಂಡು ಒಲೆಯ ಮುಂದೆ ಕೂತು ಮತ್ತೆ ಕೂಗಿದೆ, ನಾಂಬೆವೆಯ ಹಾಡು ಎಂದು. ಸ್ವಲ್ಪ ಹೊತ್ತು ಕಾದೆ. ಆಮೇಲೆ ಓಗೊಟ್ಟವಳೂ ನಾನೇ.

ಬಾಳು ಅಕ್ಕ, ನೂರು ಕಾಲ ಬಾಳು.

ನಿನ್ನ ಹಿಮ್ಮೇಳದ,
ಮಲಿತ